ಒಂದು ಪಿಸ್ತೂಲಿನ ಪೂರ್ವಕಥೆ

ನಮ್ಮ ಕರಾವಳಿಯ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಉಳಿದುಬಂದಿರುವ ವಸ್ತುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಉಪಯೋಗ ತೀರಿದರೂ ಎಸೆಯಲು ಮನಸ್ಸು ಬಾರದೆ ಉಳಿದವು ಕೆಲವು. ಬೆನ್ನಿಗೊಂದು ಕಥೆಯಿರುವ ಕಾರಣ ಉಳಿದವು ಕೆಲವು. ಕಳಸಿಗೆ, ಮರಿಗೆ, ಕಾಲುದೀಪಗಳು ಮೊದಲನೆಯ ಬಗೆಗೆ ಸೇರುತ್ತವೆ. ಕತ್ತಿ, ಕಠಾರಿ, ಕೋವಿಗಳು ಎರಡನೆಯದಕ್ಕೆ. ಆಯುಧವಿರುವ ಮನೆಯಲ್ಲಿ ಅದನ್ನು ಹಿಡಿದ ವೀರನೊಬ್ಬನಿರಬೇಕು, ಅವನಿಗೆ ಅದನ್ನು ದಯಪಾಲಿಸಿದ ಅರಸನೊಬ್ಬನೂ ಇರಬೇಕು. ಇದು ಲೋಕರೂಢಿ. ಆದರೆ ಮನೆಯವರು ಒಂದು ಹೇಳಿ, ವಸ್ತುವೇ ಇನ್ನೊಂದು ಹೇಳತೊಡಗಿದರೆ ಯಾವುದನ್ನು ನಂಬುವುದು? ಮೂರು ವರ್ಷಗಳ ಹಿಂದೆ ಈ ಪ್ರಶ್ನೆ ನನ್ನ ಪಾಲಿಗೆ ಬಂದಿತು.

ನನ್ನ ಸೋದರಮಾವನವರು ತೀರಿಕೊಳ್ಳುವ ಕೆಲವು ತಿಂಗಳು ಮೊದಲು ಒಂದು ಪಿಸ್ತೂಲನ್ನು ನನ್ನ ಕೈಗಿತ್ತರು. ಅವರದು ಬೈಂದೂರಿನ ಕಡೆಯ ಮೂಲಮನೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಸೊತ್ತು ತಂದೆಯಿಂದ ಮಗನಿಗಲ್ಲ, ಮಾವನಿಂದ ಅಳಿಯನಿಗೆ ಹರಿಯುತ್ತಿದ್ದುದನ್ನು ಓದುಗರು ಬಲ್ಲರು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯೂ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆ ಹರಿವಿನ ದಿಕ್ಕನ್ನು ಬಹುಮಟ್ಟಿಗೆ ಬದಲಿಸಿದವು. ಮಾವನವರ ಮನಸ್ಸನ್ನು ಮಾತ್ರ ಬದಲಿಸಲಿಲ್ಲ. ಹೀಗಾಗಿ ಈ ವಸ್ತುವಿನ ಜಾಡು ಹಿಡಿಯುವವನು ಅಜ್ಜ, ಮುತ್ತಜ್ಜ ಎಂದು ತಂದೆಯ ದಾರಿಯಲ್ಲಿ ಹೋದರೆ ಎಲ್ಲಿಗೂ ಮುಟ್ಟುವುದಿಲ್ಲ. ತಾಯಿ, ಅಜ್ಜಿ, ಅಜ್ಜಿಯ ಅಣ್ಣ ಎಂದು ಹೆಣ್ಣುಸಂತತಿಯ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು.

ಪಿಸ್ತೂಲು ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದದ್ದು. ನಳಿಗೆ ಒಂಬತ್ತು ಅಂಗುಲ. ಹಿಡಿಯ ತುದಿಗೆ ಹಿತ್ತಾಳೆಯ ಕಟ್ಟು. ಬಲಗಡೆಯ ಉಕ್ಕಿನ ಫಲಕದ ಮೇಲೆ, ತುಕ್ಕಿನಲ್ಲಿ ಅರ್ಧ ಮುಳುಗಿದ ಒಂದು ಮೃಗದ ಚಿತ್ರ: ಹಿಂಗಾಲಿನ ಮೇಲೆ ನಿಂತು, ಮುಂಗಾಲು ಚಾಚಿ, ಬಾಲವನ್ನು ಮೇಲೆತ್ತಿದೆ. ‘ಹುಲಿ’ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹುಲಿಯೆಂದ ಮೇಲೆ ಟಿಪ್ಪುಸುಲ್ತಾನನ ಹೆಸರು ಬಾರದೆ ಇರುತ್ತದೆಯೆ? ಟಿಪ್ಪುವಿನ ಕಾಲದಲ್ಲಿ ಹೊಸಂಗಡಿ ಘಟ್ಟದ ಉಕ್ಕಡ ಕಾದ ನಮ್ಮ ಹಿರಿಯರೊಬ್ಬರಿಗೆ ನಗರದ ಅಧಿಕಾರಿಗಳು ಇದನ್ನು ಉಡುಗೊರೆಯಾಗಿ ಕೊಟ್ಟರೆಂಬುದು ಕಥೆ. ಕುಂದಾಪುರದಲ್ಲಿರುವ ನನ್ನ ದೊಡ್ಡಮ್ಮ ಅದನ್ನು ತನ್ನ ಅಜ್ಜಿಯ ಬಾಯಿಂದ ಕೇಳಿದವರು.

ಈ ಕಥೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ೧೭೬೩ರಲ್ಲಿ ಹೈದರಾಲಿ ಕೆಳದಿಯ ಅರಸರ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಇಂದು ನಾವು ನಗರವೆಂದು ಕರೆಯುವ ಆ ಊರಿನಿಂದ ಹುಲಿಕಲ್ಲು ಇಳಿದು, ಹೊಸಂಗಡಿ, ಸಿದ್ದಾಪುರಗಳ ಮೇಲೆ ಬಂದರೆ ಸಿಕ್ಕುವುದು ಕುಂದಾಪುರ. ಘಟ್ಟದ ಮೇಲಿನ ರಾಜ್ಯಕ್ಕೆ ಕಡಲಿನ ಬಾಗಿಲು ಅದು. ೧೭೮೩ರ ಜನವರಿಯಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸ್ ಕುಂದಾಪುರದಲ್ಲಿ ಇಳಿದು, ಹೊಸಂಗಡಿಯ ಘಟ್ಟವನ್ನೇರಿ ನಗರವನ್ನು ಹಿಡಿದದ್ದು ಇದೇ ದಾರಿಯಲ್ಲಿ. ಕೆಲವೇ ತಿಂಗಳಲ್ಲಿ ಟಿಪ್ಪು ಅವನನ್ನು ಸೆರೆಹಿಡಿದ. ನಗರದಲ್ಲಿ ಮದ್ದುಗುಂಡುಗಳ ದಾಸ್ತಾನು ಎಷ್ಟಿತ್ತೆಂಬುದಕ್ಕೆ ಮೊನ್ನೆಮೊನ್ನೆಯ ಸಾಕ್ಷಿಯೇ ಇದೆ: ೨೦೧೮ರ ಜುಲೈಯಲ್ಲಿ ಅಲ್ಲಿಯ ಪಾಳುಬಾವಿಯೊಂದರಿಂದ ಆ ಕಾಲದ ಸಾವಿರಕ್ಕೂ ಮಿಕ್ಕಿದ ಯುದ್ಧರಾಕೆಟ್ಟುಗಳನ್ನು ಹೊರತೆಗೆದರು. ಇಂಥ ದಾರಿಯ ಬುಡದಲ್ಲಿ ಬಾಳಿದ ಮನೆಗೆ ಟಿಪ್ಪುವಿನ ಪಿಸ್ತೂಲು ಬಂದಿತೆಂದರೆ ಅಸಂಭವವೇನೂ ಅಲ್ಲ. ಆದರೆ ಸಂಭವವೆನ್ನುವುದು ಒಂದು, ಸಂಭವಿಸಿತೆನ್ನುವುದು ಇನ್ನೊಂದು.

ಈ ಎರಡರ ಅಂತರವನ್ನು ಅಳೆಯಲೇಬೇಕಾದ ಪ್ರಸಂಗವೂ ಒದಗಿತು. ಮೂಲಮನೆಯ ಮಾಡು ಮಳೆಗಾಲಕ್ಕೆ ನಿಲ್ಲುವಂತಿರಲಿಲ್ಲ. ಪಕಾಸಿ, ರೀಪುಗಳೆಲ್ಲ ಗೆದ್ದಲಿಗೆ ಆಹುತಿಯಾಗಿದ್ದವು. ಅಲ್ಲಿಯೇ ವಾಸವಿರುವ ನನ್ನ ಅಣ್ಣ, ಎಂದರೆ ದೊಡ್ಡಮ್ಮನ ಮಗ, ಹಳೆಯ ಸಾಮಾನು ಕೊಳ್ಳುವ ಪಟ್ಟಣದ ವ್ಯಾಪಾರಿಯೊಬ್ಬನನ್ನು ಕರೆತಂದ. ವ್ಯಾಪಾರಿ ಪಿಸ್ತೂಲನ್ನು ತಿರುಗಿಸಿ ನೋಡಿ, “ಟಿಪ್ಪುವಿನದೆಂದು ಕಾಲೇಜಿನ ಮೇಷ್ಟ್ರ ರುಜುವಿರುವ ಒಂದು ಕಾಗದ ಸಿಕ್ಕಿದರೆ ಬೆಲೆಯೇ ಬೇರೆ” ಎಂದ. ಅದು ಸುಳ್ಳಲ್ಲ. ೨೦೧೯ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ ಟಿಪ್ಪುವಿನ ಕಾಲದ ಕೋವಿ, ಕತ್ತಿಗಳು ಹರಾಜಿನಲ್ಲಿ ಒಂದು ಲಕ್ಷ ಪೌಂಡಿಗೂ ಮೇಲೆ ಹೋದವು. ಅಣ್ಣ ನನ್ನ ಮುಖ ನೋಡಿದ. ನನ್ನ ಎಂ.ಎ. ಪದವಿಗೆ ನಮ್ಮ ಕುಟುಂಬದಲ್ಲಿ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಪರೀಕ್ಷಿಸಿದ ಮೇಲೆ ಬರೆಯುತ್ತೇನೆ ಎಂದೆ.

ಪಿಸ್ತೂಲು ಇರುವ ಸಂಗತಿಯನ್ನು ಮೊದಲು ಪೊಲೀಸು ಠಾಣೆಗೆ ಬರೆದು ತಿಳಿಸಿದೆ. ಆಮೇಲೆ ಬ್ರಹ್ಮಾವರದ ಸಮೀಪದಲ್ಲಿದ್ದ, ಮೂರು ತಲೆಮಾರಿನಿಂದ ಕಬ್ಬಿಣದ ಕೆಲಸ ಮಾಡುತ್ತಿದ್ದ ವೃದ್ಧ ಆಚಾರಿಗಳ ಬಳಿಗೆ ಹೋದೆ. ಬೆಳೆ ಕಾಯುವ ಕೋವಿಗಳ ರಿಪೇರಿಯನ್ನು ಬಲ್ಲವರು ಅವರು. ಅವರು ಚಿತ್ರವನ್ನೂ ನೋಡಲಿಲ್ಲ, ಕಥೆಯನ್ನೂ ಕೇಳಲಿಲ್ಲ. ಒಂದು ಮಡಲಿನ ಕಡ್ಡಿಯನ್ನು ನಳಿಗೆಯೊಳಗೆ ತಳಮುಟ್ಟ ಇಳಿಸಿ, ಬಾಯಿಯ ಮಟ್ಟದಲ್ಲಿ ಉಗುರಿನಿಂದ ಗೆರೆ ಎಳೆದು, ಹೊರತೆಗೆದು ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಹಿಡಿದರು. ಒಳಗೇನೂ ಇಲ್ಲದಿದ್ದರೆ ಕಡ್ಡಿಯ ತುದಿ ಹಿಂಬದಿಯಲ್ಲಿ ಕಿಡಿ ಹೊಗುವ ರಂಧ್ರದವರೆಗೆ ಬರಬೇಕು. ಎರಡು ಬೆರಳು ಕಡಮೆ ಬಿದ್ದಿತು. “ಮಾಷ್ಟ್ರೆ, ಇದ್ರೊಳ್ಗೆ ಮದ್ದಿತ್ತ್” ಎಂದರು.

ನೂರು ವರ್ಷ ಕಳೆದರೂ ಕರಿಮದ್ದು ಒಣಗಿದ್ದರೆ ಅದರ ಸ್ವಭಾವ ಹೋಗುವುದಿಲ್ಲ. ನಮ್ಮ ಮನೆಯ ಮಕ್ಕಳು ಎಷ್ಟೋ ನವರಾತ್ರಿಗಳಲ್ಲಿ ಆಯುಧಪೂಜೆಗೆಂದು ತಂದು ಒಬ್ಬರಿಗೊಬ್ಬರು ಗುರಿ ಹಿಡಿದು ಆಡಿದ ಪಿಸ್ತೂಲು ಅದು. ಆಚಾರಿಗಳು ನಳಿಗೆಗೆ ನೀರು ತುಂಬಿ ರಾತ್ರಿಯೆಲ್ಲ ಬಿಟ್ಟರು. ಮರುದಿನ ಕೊಕ್ಕೆಯಿಂದ ಎಳೆದಾಗ ಮೊದಲು ಬಂದದ್ದು ತೆಂಗಿನ ನಾರಿನ ಉಂಡೆ. ಅದರ ಹಿಂದೆ ಕೆಸರಾದ ಮದ್ದು. ಗುಂಡು ಇರಲಿಲ್ಲ. ಈ ‘ಇರಲಿಲ್ಲ’ ಎಂಬುದಕ್ಕೆ ಎಷ್ಟು ಬೆಲೆಯಿದೆಯೆಂಬುದು ನನಗೆ ತಿಳಿದದ್ದು ತಿಂಗಳ ಮೇಲೆ.

ಇನ್ನು ಹುಲಿಯ ವಿಚಾರ. ಶಾಸನಗಳ ಅಚ್ಚು ತೆಗೆಯುವ ಕ್ರಮವನ್ನು ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಮೂಡುತ್ತದೆ. ಫಲಕದ ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ಒರಸಿ, ತೆಳುಗಾಗದ ಹೊದಿಸಿ ಸೀಸದ ಕಡ್ಡಿಯಿಂದ ಉಜ್ಜಿದೆ. ಮೃಗದ ಕೊರಳ ಸುತ್ತ ಕೇಸರ ಮೂಡಿತು. ಬಾಲದ ತುದಿಯಲ್ಲಿ ಕುಚ್ಚು ಮೂಡಿತು. ಚಾಚಿದ ಮುಂಗಾಲಿನಲ್ಲಿ ಒಂದು ಕಿರೀಟ ಮೂಡಿತು. ಹುಲಿಗೆ ಕೇಸರವಿಲ್ಲ. ಅದು ಸಿಂಹ, ಕಿರೀಟ ಹಿಡಿದು ನಿಂತ ಸಿಂಹ.

ಹಳೆಯ ಆಯುಧಗಳನ್ನು ಅಭ್ಯಾಸ ಮಾಡಿದವರಿಗೆ ಇದು ಪರಿಚಿತವಾದ ಮುದ್ರೆ. ಈಸ್ಟ್ ಇಂಡಿಯಾ ಕಂಪೆನಿ, ಎಂದರೆ ನಮ್ಮ ಹಿರಿಯರ ಬಾಯಿಯ ‘ಕುಂಪಣಿ’, ತನ್ನ ಕೋವಿಗಳ ಮೇಲೆ ಮೊದಲು ಒತ್ತಿಸುತ್ತಿದ್ದದ್ದು ನಾಲ್ಕು ಭಾಗ ಮಾಡಿದ ಹೃದಯದ ಆಕಾರವನ್ನು. ಅದೇ ಗುರುತು ಅದರ ಸರಕಿನ ಮೂಟೆಗಳ ಮೇಲೂ ಇರುತ್ತಿತ್ತು. ೧೮೦೮ರಲ್ಲಿ ಆ ಹೃದಯವನ್ನು ಬಿಟ್ಟು ಕಿರೀಟ ಹಿಡಿದ ಸಿಂಹವನ್ನು ಒತ್ತಿಸತೊಡಗಿತು. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದದ್ದು ೧೭೯೯ರ ಮೇ ೪ರಂದು. ಒಂಬತ್ತು ವರ್ಷಗಳ ಅಂತರ. ಎಷ್ಟು ಪ್ರೀತಿಯಿಂದ ಎಳೆದರೂ ಈ ಎರಡು ತುದಿಗಳು ಕೂಡುವುದಿಲ್ಲ.

ಟಿಪ್ಪುವಿನ ಕಾರ್ಖಾನೆಗಳ ನಿಜವಾದ ಆಯುಧಗಳು ಹೀಗಿರುವುದೂ ಇಲ್ಲ. ಅವುಗಳಲ್ಲಿ ಉತ್ತಮವಾದವುಗಳ ಮೇಲೆ ಹುಲಿಯ ಮೈಪಟ್ಟೆಯ ಅಲಂಕಾರವಿರುತ್ತದೆ. ಹೈದರನ ಹೆಸರಿನ ಗುರುತಿರುತ್ತದೆ. ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯ ವರ್ಷವಿರುತ್ತದೆ. ಆ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮದರಲ್ಲಿ ಇವು ಯಾವುದೂ ಇಲ್ಲ.

ಹಾಗಾದರೆ ಇದು ಕುಂಪಣಿಯ ಪಿಸ್ತೂಲೆಂದು ನಿಶ್ಚಯಿಸಿ ಮುಗಿಸೋಣವೆ? ಅಲ್ಲಿಯೂ ಎಚ್ಚರ ಬೇಕು. ಕುಂಪಣಿಯ ಮುದ್ರೆಗಳನ್ನು ಇಲ್ಲಿಯ ಕಮ್ಮಾರರೂ ವಾಯವ್ಯದ ಗಡಿನಾಡಿನವರೂ ಧಾರಾಳವಾಗಿ ನಕಲು ಮಾಡುತ್ತಿದ್ದರು. ನಕಲಿನಲ್ಲಿ ಗೆರೆ ಕೈಯಿಂದ ಕೊರೆದದ್ದಾಗಿ, ಅಂಚು ಅಡ್ಡಾದಿಡ್ಡಿಯಾಗಿರುತ್ತದೆ. ನಮ್ಮ ಸಿಂಹ ಒಂದೇ ಏಟಿಗೆ ಒತ್ತಿದ ಅಚ್ಚು. ಆಚಾರಿಗಳು ಫಲಕವನ್ನು ಬಿಚ್ಚಿ ಒಳಗಿನ ಕೀಲು, ತಿರುಪುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಹರಡಿದರು. ಬಹಳ ಹೊತ್ತು ನೋಡಿ, “ಕಾಣಿ ಮಾಷ್ಟ್ರೆ, ಈ ಬದಿ ಇಂಗ್ಲೀಷಿನವ್ರ್ ಕೆಲ್ಸ, ಈ ಬದಿ ನಮ್ಮವ್ರ್ ಕೆಲ್ಸ” ಎಂದು ಎರಡು ರಾಶಿ ಮಾಡಿದರು.

ಆ ಎರಡು ರಾಶಿಯೇ ಈ ಪಿಸ್ತೂಲಿನ ಚರಿತ್ರೆ. ಅದು ಹುಟ್ಟಿದಾಗ ಚಕಮಕಿಯ ಪಿಸ್ತೂಲು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ಹೊಡೆದು, ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ಬಿದ್ದು, ಅಲ್ಲಿಂದ ಒಳಗಿನ ಮದ್ದಿಗೆ ಬೆಂಕಿ ಹತ್ತಬೇಕು. ಗಾಳಿಮಳೆಗೆ ಇದು ನಂಬತಕ್ಕದ್ದಲ್ಲ. ನಮ್ಮ ಆಷಾಢದ ಮಳೆಗಂತೂ ಕೇಳುವುದೇ ಬೇಡ. ೧೮೦೭ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಏಟಿಗೆ ಸಿಡಿಯುವ ಮದ್ದಿನ ಉಪಾಯಕ್ಕೆ ಹಕ್ಕುಪತ್ರ ಪಡೆದ. ಮುಂದೆ ಅದರಿಂದ ತಾಮ್ರದ ಪುಟ್ಟ ಟೊಪ್ಪಿಗೆಯಂಥ ‘ಕೇಪು’ ಬಂದಿತು. ೧೮೪೦ರ ದಶಕದಲ್ಲಿ ಸೈನ್ಯಗಳು ಕೇಪಿನ ಕೋವಿಗೆ ಬದಲಾಗುತ್ತಿದ್ದಂತೆ ಚಕಮಕಿಯವು ಹಳತಾಗಿ ಊರೂರಿಗೆ ಚದರಿದವು. ಹೀಗೆ ಹೊರಬಿದ್ದ ಒಂದನ್ನು ಇಲ್ಲಿಯ ಯಾರೋ ಆಚಾರಿ ಕೇಪಿಗೆ ಮಾರ್ಪಡಿಸಿದ್ದಾನೆ. ಬಟ್ಟಲನ್ನು ಅರದಿಂದ ರಾವಿ ತೆಗೆದಿದ್ದಾನೆ, ಬಿಟ್ಟುಹೋದ ತೂತುಗಳಿಗೆ ಕಬ್ಬಿಣ ತುಂಬಿದ್ದಾನೆ, ಕುದುರೆಯ ತಲೆಯನ್ನು ಕಾಸಿ ಬಡಿದು ಸುತ್ತಿಗೆಯಾಗಿಸಿದ್ದಾನೆ. ಹಿಡಿಯ ಮುಂದಿನ ಭಾಗ ಇಂಗ್ಲೆಂಡಿನ ವಾಲ್ನಟ್ ಮರ. ಹಿಂದಿನದು ನಮ್ಮ ಹಲಸು. ಎರಡನ್ನು ಕೂಡಿಸಿದ ಬೆಸುಗೆ ಇಂದಿಗೂ ಬಿಟ್ಟಿಲ್ಲ.

ಕಾಲ ಹೀಗೆ ಗೊತ್ತಾದೊಡನೆ ಇನ್ನೊಂದು ಆಸೆ ಹುಟ್ಟಿತು. ಟಿಪ್ಪು ಅಲ್ಲದಿದ್ದರೆ ೧೮೩೭ರ ಕಲ್ಯಾಣಪ್ಪನ ಕಾಟಕಾಯಿಯಾಗಬಾರದೇಕೆ? ಆ ವರ್ಷದ ಏಪ್ರಿಲಿನಲ್ಲಿ ದಂಗೆಯವರು ಮಂಗಳೂರನ್ನು ಹಿಡಿದು ಕೆಲವು ದಿನ ಆಳಿದರು. ಕುಂಪಣಿಯ ಪಿಸ್ತೂಲು ಊರವರ ಕೈಗೆ ಬಂದುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ, ಎಂದು ಅಣ್ಣ ಕೇಳಿದ. ಆದರೆ ಆ ದಂಗೆ ನಡೆದದ್ದು ಸುಳ್ಯ, ಪುತ್ತೂರು, ಮಂಗಳೂರುಗಳ ಕಡೆ. ನಮ್ಮಿಂದ ಬಹು ದೂರ ದಕ್ಷಿಣಕ್ಕೆ. ಕಾಲ ಹೊಂದಿದ ಮಾತ್ರಕ್ಕೆ ಸಂಬಂಧ ಸಿದ್ಧಿಸುವುದಿಲ್ಲ. ಒಂದು ದಂತಕಥೆ ಖಾಲಿಮಾಡಿದ ಪೀಠದಲ್ಲಿ ಇನ್ನೊಂದನ್ನು ಕೂರಿಸುವುದು ಸಂಶೋಧನೆಯಲ್ಲ.

ಉಳಿದದ್ದು ಮನೆಯ ಕಡತಗಳು. ಗೇಣಿ, ಬಡ್ಡಿ, ಮದುವೆಯ ಖರ್ಚು, ದೇವಸ್ಥಾನದ ಕಾಣಿಕೆ, ಇವೆಲ್ಲ ಮಸಿ ಬಳಿದ ಬಟ್ಟೆಯ ಮಡಿಕೆಗಳಲ್ಲಿ ಬಳಪದಿಂದ ಬರೆದಿರುವ ಲೆಕ್ಕಗಳು. ಎರಡು ರಜೆಗಳನ್ನು ಅವುಗಳ ಮುಂದೆ ಕಳೆದೆ. ಸುಲ್ತಾನನೂ ಇಲ್ಲ, ದಂಗೆಯೂ ಇಲ್ಲ. ಕೊನೆಗೆ ಸರ್ವಜಿತು ಸಂವತ್ಸರದ ಒಂದು ಪುಟದಲ್ಲಿ ಆಚಾರಿಗೆ ಸಣ್ಣ ಕೋವಿಯ ಕೆಲಸದ ಬಾಬ್ತು ಅಕ್ಕಿ ಅಳೆದುಕೊಟ್ಟ ಲೆಕ್ಕ ಸಿಕ್ಕಿತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿಬರುತ್ತದೆ. ಸರ್ವಜಿತು ಬಂದದ್ದು ೧೮೨೭, ೧೮೮೭, ೧೯೪೭ರಲ್ಲಿ. ಮೊದಲನೆಯದು ಇಂಥ ಮಾರ್ಪಾಟಿಗೆ ತೀರ ಮುಂಚಿನ ಕಾಲ. ಕೊನೆಯದಾಗಿದ್ದರೆ ದೊಡ್ಡಮ್ಮನ ತಾಯಿಗೇ ನೆನಪಿರಬೇಕಿತ್ತು. ಪುಟದ ಬರಹದ ವರಸೆಯೂ ಅಷ್ಟು ಹೊಸದಲ್ಲ. ಆದುದರಿಂದ ೧೮೮೭-೮೮. ಆಯುಧಕ್ಕೆ ಪರವಾನಗಿ ಬೇಕೆಂದು ವಿಧಿಸಿದ ೧೮೭೮ರ ಕಾಯಿದೆ ಬಂದು ಒಂಬತ್ತು ವರ್ಷವಾಗಿತ್ತು.

ಆ ಲೆಕ್ಕದ ಮಾತನ್ನು ಭಾಷೆಯ ವಿದ್ಯಾರ್ಥಿಯಾಗಿ ಗಮನಿಸಿದೆ. ಬರೆದವನು ‘ಪಿಸ್ತೂಲು’ ಎನ್ನಲಿಲ್ಲ. ‘ಸಣ್ಣ ಕೋವಿ’ ಎಂದ. ಬಂದೂಕು ಅರಬ್ಬೀ ಮೂಲದ ಮಾತು, ತುಪಾಕಿ ತುರ್ಕಿಯದು, ಪಿಸ್ತೂಲು ಯುರೋಪಿನದು. ಕೋವಿಯೊಂದೇ ನಮ್ಮದು, ಕೊಳವೆಯೆಂದು ಅದರ ಅರ್ಥ. ಹೊರಗಿನಿಂದ ಬಂದ ವಸ್ತುವಿಗೆ ಒಳಗಿನ ಹೆಸರಿಟ್ಟು, ಹಲಸಿನ ಹಿಡಿ ಕೂರಿಸಿ, ಅಕ್ಕಿ ಅಳೆದು ಆ ಮನೆ ಅದನ್ನು ತನ್ನದಾಗಿಸಿಕೊಂಡಿತು. ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತದ ಮಾತುಗಳು ಕನ್ನಡದ ಬಾಯಿಗೆ ಒಗ್ಗಿದ ಕ್ರಮವನ್ನು ವಿವರಿಸುತ್ತಾನೆ. ಇದೂ ಅಂಥದೇ ಒಂದು ತದ್ಭವ. ತರಗತಿಯಲ್ಲಿ ತದ್ಭವವನ್ನು ‘ಕೆಟ್ಟ ರೂಪ’ ಎಂದುಕೊಳ್ಳುವ ಹುಡುಗರಿಗೆ ನಾನು ಹೇಳುವುದುಂಟು: ಅದು ಕೆಟ್ಟದ್ದಲ್ಲ, ಬಳಸಿದ್ದು.

ನಾನು ಕಂಡುದನ್ನು ಅಣ್ಣನಿಗೆ ಬರಹದಲ್ಲಿ ಕೊಟ್ಟೆ. ವ್ಯಾಪಾರಿ ಅದನ್ನು ಓದಿ, ಕುಂಪಣಿಯ ಪಿಸ್ತೂಲು, ಅದರಲ್ಲೂ ರಿಪೇರಿಯಾದದ್ದು, ತನಗೆ ಬೇಡವೆಂದು ಹೊರಟುಹೋದ. “ಒಂದು ರುಜು ಹಾಕಿದ್ದರೆ ಮಾಡು ಆಗುತ್ತಿತ್ತು” ಎಂದ ಅಣ್ಣ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾಡು ಸೋರುತ್ತಿದ್ದದ್ದು ನಿಜ. ಆ ಮಳೆಗಾಲವನ್ನು ಅವರು ಪಡಸಾಲೆಯ ಮೇಲೆ ತಾಡಪಾಲು ಹೊದಿಸಿ ಕಳೆದರು. ಮರುವರ್ಷ ನಾವು ನಾಲ್ಕು ಜನ ಹಣ ಕೂಡಿಸಿ ಅರ್ಧ ಮಾಡನ್ನು ಕಟ್ಟಿಸಿದೆವು. ಉಳಿದರ್ಧ ಇನ್ನೂ ಹಾಗೆಯೇ ಇದೆ.

ದೊಡ್ಡಮ್ಮನಿಗೆ ತಿಳಿಸುವುದು ಅದಕ್ಕಿಂತ ಕಷ್ಟದ ಕೆಲಸ. ಎಂಬತ್ತು ದಾಟಿದವರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ನನ್ನಜ್ಜಿ ಸುಳ್ಳ್ ಹೇಳ್ತಾ, ಮಗಾ?” ಎಂದರು. ಇಲ್ಲವೆಂದೆ. ನಮ್ಮ ಘಟ್ಟದಲ್ಲಿ ಸಿಂಹವಿಲ್ಲ, ಹುಲಿಯಿದೆ. ನವರಾತ್ರಿಗೆ ಮನೆಯಂಗಳದಲ್ಲಿ ಕುಣಿಯುವುದೂ ಹುಲಿವೇಷವೇ. ನಿಂತು ಪಂಜ ಎತ್ತಿದ ಮೃಗವನ್ನು ಆಕೆ ತಾನು ಬಲ್ಲ ಮೃಗವಾಗಿ ಓದಿದಳು. ಹಾಗೆ ಓದಿದ್ದರಲ್ಲಿ ಕಪಟವಿಲ್ಲ; ನಗರದ ಆಳ್ವಿಕೆ ನಮ್ಮ ಕಡೆ ಎಷ್ಟು ಆಳವಾಗಿ ನೆನಪಿನಲ್ಲಿ ಇಳಿದಿತ್ತೆಂಬುದಕ್ಕೆ ಅದು ಗುರುತೂ ಹೌದು.

ಆಗ ದೊಡ್ಡಮ್ಮ, ಯಾರೂ ಕೇಳದೆಯೇ, ಇನ್ನೊಂದು ಮಾತು ಹೇಳಿದರು. ದೀಪಾವಳಿಯಲ್ಲಿ ಬಲೀಂದ್ರನನ್ನು ಕರೆಯುವ ಸಂಜೆ ಗದ್ದೆಯ ಅಂಚಿನಲ್ಲಿ ನಿಂತು ಆ ಕೋವಿಯಿಂದ ಒಂದು ಬೆಡಿ ಹೊಡೆಯುತ್ತಿದ್ದರಂತೆ. ಬರಿಯ ಮದ್ದು, ಮೇಲೆ ತೆಂಗಿನ ನಾರು. ಇದನ್ನೂ ಆಕೆ ಅದೇ ಅಜ್ಜಿಯಿಂದ ಕೇಳಿದ್ದು. ನಳಿಗೆಯಿಂದ ತೆಗೆದ ನಾರಿನ ಸಂಗತಿಯನ್ನು ನಾನು ಅವರಿಗೆ ಹೇಳಿರಲಿಲ್ಲ.

ಒಬ್ಬಳೇ ಅಜ್ಜಿಯ ಎರಡು ಮಾತುಗಳಲ್ಲಿ ಒಂದು ನಿಲ್ಲಲಿಲ್ಲ, ಒಂದು ನಿಂತಿತು. ಆಕೆ ಕೇಳಿದ್ದ ಅರಸನ ಕಥೆ ಹೋಯಿತು. ಆಕೆ ಕಂಡಿದ್ದ ಕೈಕೆಲಸ ಉಳಿಯಿತು. ಮೌಖಿಕ ಪರಂಪರೆಯನ್ನು ಇಡಿಯಾಗಿ ನಂಬುವವರೂ ಇಡಿಯಾಗಿ ತಿರಸ್ಕರಿಸುವವರೂ ನಮ್ಮಲ್ಲಿ ಇದ್ದಾರೆ. ಒಂದೊಂದು ಮಾತನ್ನೂ ಬೇರೆಬೇರೆಯಾಗಿ ತೂಗಿ ನೋಡುವ ತಾಳ್ಮೆ ಇಬ್ಬರಿಗೂ ಬೇಕಾಗಿದೆ.

ಹಳೆಯ ಕೋವಿಯಿರುವ ಮನೆಯವರಿಗೆ ಎರಡು ಮಾತು. ಹುಣಿಸೆ, ಬೂದಿ ಹಾಕಿ ತಿಕ್ಕಬೇಡಿ. ತುಕ್ಕಿನ ಜತೆಗೆ ಮುದ್ರೆಯೂ ಹೋಗುತ್ತದೆ. ಬಲ್ಲವರಿಂದ ನಳಿಗೆಯನ್ನು ಪರೀಕ್ಷಿಸುವವರೆಗೆ ಮಕ್ಕಳ ಕೈಗೆ 
ಕೊಡಬೇಡಿ. ೧೯೫೯ರ ಆಯುಧ ಕಾಯಿದೆಯಿಂದ ವಿನಾಯಿತಿಯಿರುವುದು ರಿಪೇರಿ ಮಾಡಿದರೂ ಹೊಡೆಯಲಾರದ ಹಳೆಯ ಮಾದರಿಯ ಆಯುಧಕ್ಕೆ ಮಾತ್ರ. ಅದು ಅಂಥದೇ ಎಂದು ತೀರ್ಮಾನಿಸತಕ್ಕವರು ನಾವಲ್ಲ, ಆದುದರಿಂದ ಠಾಣೆಗೆ ತಿಳಿಸುವುದೇ ಕ್ಷೇಮ. ನೂರು ವರ್ಷ ಮೀರಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವುದನ್ನು ೧೯೭೨ರ ಕಾಯಿದೆ ತಡೆಯುತ್ತದೆ. ವಸ್ತುವಿನ ಬಗ್ಗೆ ಮನೆಯ ಹಿರಿಯರು ಹೇಳುವುದನ್ನು, ಅದು ಎಷ್ಟೇ ಅಸಂಭವವಾಗಿ ತೋರಲಿ, ಅವರಿರುವಾಗಲೇ ಬರೆದಿಡಿ.

ನಮ್ಮ ಪೆಟ್ಟಿಗೆಯಲ್ಲಿ ಈಗ ಎರಡು ಹಾಳೆಗಳಿವೆ. ಒಂದರಲ್ಲಿ ಕಬ್ಬಿಣವೂ ಕಡತವೂ ಹೇಳಿದ್ದು. ಇನ್ನೊಂದರಲ್ಲಿ ದೊಡ್ಡಮ್ಮ ಹೇಳಿದ್ದು, ಅವರದೇ ಮಾತಿನಲ್ಲಿ. ಎರಡನ್ನೂ ಕೂಡಿಸಿ ಒಂದು ಮಾಡಿಲ್ಲ. ಟಿಪ್ಪುವಿನ ಹೆಸರು ಎರಡನೆಯ ಹಾಳೆಯಲ್ಲಿದೆ. ಹಲಸಿನ ಹಿಡಿ ಕೂರಿಸಿದ ಆಚಾರಿಯ ಹೆಸರನ್ನು ಕಡತ ಬರೆಯಲಿಲ್ಲ. ಅವನಿಗೆ ಅಳೆದುಕೊಟ್ಟ ಅಕ್ಕಿಯ ಲೆಕ್ಕವನ್ನು ಮೊದಲನೆಯ ಹಾಳೆಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ.